ವಿಂಡೋಸ್ 7 ಇರುವ ಹಳೇ ಕಂಪ್ಯೂಟರ್‌: ಆಂಟಿವೈರಸ್ ರಿನ್ಯೂ ಮಾಡಿಸಲಾ, ಓಎಸ್ಸೇ ಬದಲಾಯಿಸಲಾ?

ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳುವುದಾದರೆ ಹೀಗೆ. ಹನ್ನೆರಡು ವರ್ಷದ ಡೆಸ್ಕ್‌ಟಾಪ್, 4 ಜಿಬಿ ರ‍್ಯಾಮ್, ವಿಂಡೋಸ್ 7. ಆಂಟಿವೈರಸ್ ಅವಧಿ ಮುಗಿದಿದೆ, ದಿನಾ ‘ರಿನ್ಯೂ ಮಾಡಿ’ ಅಂತ ಕಾಟ ಕೊಡುತ್ತಿದೆ. ಮನೆಯವರಿಗೆ ಬೇಕಾಗಿರುವುದು ಬ್ರೌಸರ್, ಫೋಟೊ, ಆಗೊಮ್ಮೆ ಈಗೊಮ್ಮೆ ಒಂದು ಪತ್ರ. ರಿನ್ಯೂ ಮಾಡಿಸಿದರೆ ಸಾಕಾ ಅಂತ ಕೇಳಿದ್ದೀರಿ.

ಸಾಕಾಗಲ್ಲ. ಆ ದುಡ್ಡು ಇಟ್ಟುಕೊಂಡಿರಿ, ಬೇರೆ ಕಡೆ ಬೇಕಾಗುತ್ತದೆ.

ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ ಕೊಡುವುದನ್ನು ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ನಿಲ್ಲಿಸಿತು. ಅದಾದ ಮೇಲೆ ಸಿಕ್ಕ ತೂತುಗಳೆಲ್ಲ ಮನೆ ಕಂಪ್ಯೂಟರ್‌ಗಳಲ್ಲಿ ಹಾಗೇ ಬಿದ್ದಿವೆ. ಆಂಟಿವೈರಸ್ ಬಂದ ಫೈಲುಗಳನ್ನು, ಓಡುತ್ತಿರುವ ಪ್ರೋಗ್ರಾಮ್‌ಗಳನ್ನು ಕಾಯುತ್ತದೆ. ಓಎಸ್‌ನಲ್ಲೇ, ಅಂದರೆ ಕಂಪ್ಯೂಟರ್ ನಡೆಸುವ ವಿಂಡೋಸ್‌ನಲ್ಲೇ, ಇರುವ ತೂತಿಗೆ ತೇಪೆ ಹಾಕುವುದು ಅದರ ಕೆಲಸವಲ್ಲ. 2017ರ ಮೇ ತಿಂಗಳಲ್ಲಿ ಬಂದ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವಾನ್ನಕ್ರೈ ವೈರಸ್ ನೆನಪಿದೆಯಾ? ಅದು ಹರಡಲು ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯ ಒಂದು ತೂತಿನಿಂದ ಕಂಪ್ಯೂಟರಿಂದ ಕಂಪ್ಯೂಟರಿಗೆ ತಾನೇ ಹಾರುತ್ತಿತ್ತು. ಆ ತೂತಿಗೆ ಮಾರ್ಚ್‌ನಲ್ಲೇ ಪ್ಯಾಚ್, ಅಂದರೆ ತೇಪೆ, ಬಂದಿತ್ತು. ಹಾಕಿಕೊಂಡಿದ್ದವರು ಬಚಾವಾದರು. ನಿಮ್ಮ ಮಷೀನಿಗೆ ಇನ್ನು ಮುಂದೆ ಅಂಥ ಪ್ಯಾಚ್ ಬರುವುದೇ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಈಗ ಆಂಟಿವೈರಸ್ ರಿನ್ಯೂ ಮಾಡಿಸುವುದು ಹೆಚ್ಚುಕಮ್ಮಿ ಹಾಗೆಯೇ.

ಬ್ರೌಸರ್ ಕಥೆಯೂ ಅಷ್ಟೇ. ವಿಂಡೋಸ್ 7ರಲ್ಲಿ ಕ್ರೋಮ್ 109ನೇ ಆವೃತ್ತಿಗೆ ನಿಂತುಹೋಗಿದೆ. ನಿಮ್ಮ ಮನೆಯವರು ದಿನವಿಡೀ ಬಳಸುವುದು ಅದನ್ನೇ ಅಲ್ವಾ?

ಇನ್ನೊಂದು ವಿಷಯ. ಆ ‘ರಿನ್ಯೂ ಮಾಡಿ’ ಸಂದೇಶ ನಿಜವಾಗಲೂ ಆಂಟಿವೈರಸ್‌ನದೇನಾ ಅಂತ ಒಮ್ಮೆ ನೋಡಿ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಎದ್ದು ಬರುವ ಎಷ್ಟೋ ಎಚ್ಚರಿಕೆಗಳು ಬ್ರೌಸರ್ ನೋಟಿಫಿಕೇಶನ್‌ಗಳು. ಯಾವುದೋ ಸೈಟು ಕೇಳಿದಾಗ ಯಾರೋ ಸುಮ್ನೆ ‘ಅಲೋ’ (ಅನುಮತಿ ಕೊಡಿ) ಒತ್ತಿರುತ್ತಾರೆ, ಅದು ಬೆನ್ನು ಬಿಡುವುದಿಲ್ಲ. ಅಂಥದ್ದರಲ್ಲಿ ಕಾರ್ಡ್ ನಂಬರ್ ಕೊಟ್ಟೀರಿ, ಜೋಕೆ.

ನಾನು ಇದೇ ಕೆಲಸವನ್ನು ಅಪ್ಪನ ಕಂಪ್ಯೂಟರ್‌ಗೆ ಮಾಡಿದೆ. ಮೊದಲು ದಾರಿ ತಪ್ಪಿದ್ದೂ ಹೇಳಿಬಿಡುತ್ತೇನೆ. ಯಾವ ಸೈಟು ತೆರೆದರೂ ‘ಈ ಸಂಪರ್ಕ ಸುರಕ್ಷಿತವಲ್ಲ’ ಅಂತ ಬರುತ್ತಿತ್ತು. ಆಂಟಿವೈರಸ್ಸೂ ಅಪ್‌ಡೇಟ್ ಆಗಲ್ಲ ಅಂತ ಹಟ ಹಿಡಿದಿತ್ತು. ವೈರಸ್ಸೇ ಹೊಕ್ಕಿದೆ ಅಂದುಕೊಂಡು ಎರಡು ಸಂಜೆ ಸ್ಕ್ಯಾನ್ ಮಾಡುತ್ತಾ ಕೂತೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಗಡಿಯಾರ: 2009ರ ಜನವರಿ 1. ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ಪ್ಲಗ್ ತೆಗೆದಾಗಲೆಲ್ಲ ತಾರೀಕು ಹಿಂದಕ್ಕೆ ಓಡುತ್ತಿತ್ತು, ತಾರೀಕು ತಪ್ಪಾದರೆ ಸೈಟು ಅಸಲಿ ಅಂತ ತೋರಿಸುವ ಸರ್ಟಿಫಿಕೇಟ್ ಯಾವುದೂ ಒಪ್ಪಿಗೆಯಾಗುವುದಿಲ್ಲ. ಸಿಆರ್2032 ಅನ್ನುವ ಆ ಬ್ಯಾಟರಿ ಹಾಕಿದ ಮೇಲೆ ಸರಿಹೋಯಿತು. ಹೇಗಿದ್ದರೂ ಡಬ್ಬ ಬಿಚ್ಚುತ್ತೀರಿ, ಅದನ್ನೂ ಬದಲಾಯಿಸಿಬಿಡಿ.

ಡಬ್ಬ ಯಾಕೆ ಬಿಚ್ಚಬೇಕು? ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಲು. ಆಂಟಿವೈರಸ್ ದುಡ್ಡು ಹೋಗಬೇಕಾದದ್ದು ಇಲ್ಲಿಗೆ. ಹಳೇ ಮಷೀನ್ ನಿಧಾನ ಅನ್ನಿಸುವುದು ಹೆಚ್ಚಿನ ಸಲ ತಿರುಗುವ ಹಾರ್ಡ್ ಡಿಸ್ಕ್‌ನಿಂದ. 240 ಜಿಬಿಯ ಸಾಟಾ ಎಸ್‌ಎಸ್‌ಡಿ ನಿಮಗೆ ಧಾರಾಳ. ಅದಕ್ಕಿಂತ ಮುಖ್ಯವಾದ ಲಾಭ ಇನ್ನೊಂದಿದೆ. ಹಳೇ ಡಿಸ್ಕ್‌ನ ಕೇಬಲ್ ಕಿತ್ತು ಪಕ್ಕಕ್ಕಿಟ್ಟು, ಹೊಸ ಎಸ್‌ಎಸ್‌ಡಿ ಮೇಲೆ ಹೊಸ ಓಎಸ್ ಹಾಕಿ. ಏನೇ ಎಡವಟ್ಟಾದರೂ ಹಳೇ ಡಿಸ್ಕ್ ಮತ್ತೆ ಸಿಕ್ಕಿಸಿದರೆ ನಿನ್ನೆ ಇದ್ದಂತೆಯೇ ಕಂಪ್ಯೂಟರ್ ಏಳುತ್ತದೆ. ಹಾಗಂತ ಬ್ಯಾಕಪ್ ಬಿಡಬೇಡಿ. ಫೋಟೊಗಳದ್ದು ಬೇರೆ ಡಿಸ್ಕ್‌ನಲ್ಲಿ ಒಂದು ಪ್ರತಿ ಇರಲೇಬೇಕು. ಬುಕ್‌ಮಾರ್ಕ್, ಬ್ರೌಸರ್ ನೆನಪಿಟ್ಟುಕೊಂಡಿರುವ ಪಾಸ್‌ವರ್ಡ್‌ಗಳು, ಡೆಸ್ಕ್‌ಟಾಪ್ ಮೇಲೆ ಹರಡಿರುವ ಫೈಲುಗಳು, ಇವನ್ನೇ ಜನ ಮರೆಯುವುದು.

ಇನ್ನು ಯಾವ ಓಎಸ್? ವಿಂಡೋಸ್ 11 ಕೇಳುವುದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಮತ್ತು ಇಂಟೆಲ್‌ನದ್ದಾದರೆ ಹೆಚ್ಚುಕಮ್ಮಿ 8ನೇ ತಲೆಮಾರಿನ ಪ್ರೊಸೆಸರ್. ನಿಮ್ಮದು ಅದಕ್ಕಿಂತ ತುಂಬಾ ಹಳೆಯದು. ತಪಾಸಣೆ ತಪ್ಪಿಸಿ ಹಾಕುವ ಉಪಾಯಗಳಿವೆ, ಆದರೆ ಹಾಗೆ ಹಾಕಿದ ಮಷೀನಿಗೆ ಅಪ್‌ಡೇಟ್ ಖಾತ್ರಿಯಿಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಅಪ್‌ಡೇಟ್ ಸಲುವಾಗಿಯೇ ಅಲ್ವಾ ನಾವು ಇಷ್ಟೆಲ್ಲ ಮಾಡುತ್ತಿರುವುದು? ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪ್ಯಾಚ್ ಸಿಗುವ ಏರ್ಪಾಡು ಮಾಡಿದರು. ಅಷ್ಟಕ್ಕೋಸ್ಕರ ಈಗ ಹೊಸದಾಗಿ ಅದನ್ನು ಹಾಕುವುದು ದಂಡ. ‘ಆಕ್ಟಿವೇಟರ್’ ಹಾಕಿ ಪುಕ್ಕಟೆ ವಿಂಡೋಸ್ ಕೊಡುತ್ತೇನೆ ಅನ್ನುವವರಿಂದಂತೂ ದೂರ ಇರಿ. ಆ ಆಕ್ಟಿವೇಟರ್ ಒಳಗೇ ಏನಿರುತ್ತೋ.

ನಾನು ಹಾಕಿದ್ದು ಲಿನಕ್ಸ್ ಮಿಂಟ್ ಅನ್ನುವ ಉಚಿತ ಓಎಸ್, ಅದರಲ್ಲಿ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. 4 ಜಿಬಿ ರ‍್ಯಾಮ್ ಸಾಕು. ಕೆಳಗೆ ಪಟ್ಟಿ, ಎಡಗಡೆ ಮೆನು, ವಿಂಡೋಸ್ 7 ನೋಡಿದ ಕಣ್ಣಿಗೆ ಹೊಸದೇನೂ ಅನ್ನಿಸುವುದಿಲ್ಲ. ಪತ್ರಕ್ಕೆ ಲಿಬ್ರೆಆಫೀಸ್ ಜೊತೆಗೇ ಬರುತ್ತದೆ. ವರ್ಡ್ ಫೈಲುಗಳು ತೆರೆಯುತ್ತವೆ, ಅಲ್ಲಲ್ಲಿ ಟೇಬಲ್ ಸ್ವಲ್ಪ ಜರುಗಿರಬಹುದು. ವಿಂಡೋಸ್‌ನಲ್ಲಿ ಮಾತ್ರ ಓಡುವ ಲೆಕ್ಕಪತ್ರದ ಸಾಫ್ಟ್‌ವೇರ್ ಏನಾದರೂ ಇದ್ದರೆ ಮಾತ್ರ ನನ್ನ ಸಲಹೆ ನಿಮಗಲ್ಲ. ಆಗ ವಿಂಡೋಸ್ 11 ಒಪ್ಪುವ ಬೇರೆ ಮಷೀನೇ ಸರಿ.

ಹಾಕುವ ಮುಂಚೆ ಪರೀಕ್ಷೆ ಮಾಡಿ ನೋಡಬಹುದು, ಮಿಂಟ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಬೇರೆಯವರ ಕಂಪ್ಯೂಟರ್‌ನಲ್ಲಿ ಮಿಂಟ್ ತುಂಬಿದ 8 ಜಿಬಿ ಪೆನ್‌ಡ್ರೈವ್ ತಯಾರು ಮಾಡಿಕೊಳ್ಳಿ. ಹಾಗೆ ತುಂಬಲು ಬಳಸುವ ರುಫಸ್ ಅನ್ನುವ ಪ್ರೋಗ್ರಾಮ್‌ನ ಈಗಿನ ಆವೃತ್ತಿ ವಿಂಡೋಸ್ 7ರಲ್ಲಿ ಓಡುವುದೂ ಇಲ್ಲ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದ್ದೇ ತಗೊಳ್ಳಿ. ಅದರಿಂದ ಕಂಪ್ಯೂಟರ್ ಶುರು (ಬೂಟ್) ಮಾಡಿದರೆ ಡಿಸ್ಕ್ ಮುಟ್ಟದೆಯೇ ಇಡೀ ಮಿಂಟ್ ತೆರೆದುಕೊಳ್ಳುತ್ತದೆ. ಆಗಲೇ ವೈಫೈ, ಸೌಂಡು, ಪ್ರಿಂಟರ್, ಸ್ಕ್ಯಾನರ್ ಎಲ್ಲ ನೋಡಿಬಿಡಿ. ಅಪ್ಪನ ಪ್ರಿಂಟರ್ ತಂತಿ ಚುಚ್ಚಿದ ಕೂಡಲೇ ಬಂತು, ಸ್ಕ್ಯಾನರ್‌ಗೆ ಡ್ರೈವರ್ ಹುಡುಕಬೇಕಾಯಿತು. ಪೆನ್‌ಡ್ರೈವ್‌ನಲ್ಲಿ ಆಮೆ ಥರ ಇರುತ್ತದೆ, ಅದನ್ನು ನೋಡಿ ಬೇಜಾರಾಗಬೇಡಿ.

ಭದ್ರತೆಗೆ ಆಮೇಲೆ ಮಾಡಬೇಕಾದ್ದು ಕಡಿಮೆ. ಮಿಂಟ್‌ನಲ್ಲಿ ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಇದೆ, ಆದರೆ ಮೊದಲಿಗೆ ಆಫ್ ಆಗಿರುತ್ತದೆ. ಮೆನುವಿನಲ್ಲಿ ಹುಡುಕಿ ಆನ್ ಮಾಡಿ. ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ತಾನಾಗಿಯೇ ಅಪ್‌ಡೇಟ್ ಆಗುವಂತೆ ಇಡಿ, ಮನೆಯವರು ಆ ಗುಂಡಿ ಒತ್ತುತ್ತಾರೆ ಅಂತ ನಂಬಿ ಕೂರಬೇಡಿ. ಫೈರ್‌ಫಾಕ್ಸ್ ಬ್ರೌಸರ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿ. ಮೋಸದ ಜಾಹೀರಾತು ಕಾಣದಿದ್ದರೆ ಅರ್ಧ ಅಪಾಯ ಅಲ್ಲಿಗೇ ಕಳೆಯಿತು. ಪ್ರತ್ಯೇಕ ಆಂಟಿವೈರಸ್ ನಾನು ಹಾಕಿಲ್ಲ. ಒಂದು ವೇಳೆ ನೀವು ವಿಂಡೋಸ್ 11ರ ಮಷೀನನ್ನೇ ತಗೊಂಡರೂ ಒಳಗೇ ಇರುವ ಡಿಫೆಂಡರ್ ಆಂಟಿವೈರಸ್ ಮನೆಗೆ ಸಾಕು. ಜೊತೆಗೆ ಬಂದ ಟ್ರಯಲ್ ಆಂಟಿವೈರಸ್ ತೆಗೆದುಹಾಕಿ. ಅದು ಕೂತು ಕೆಲಸ ಮಾಡುತ್ತಿರುವಷ್ಟು ದಿನ ಡಿಫೆಂಡರ್ ತಾನೇ ಪಕ್ಕಕ್ಕೆ ಸರಿದುಬಿಡುತ್ತದೆ.

ಹಳೇ ಡಿಸ್ಕ್‌ ಮೇಲೆ ಒಂದು ಚೀಟಿ ಅಂಟಿಸಿ ಡ್ರಾಯರ್‌ನಲ್ಲಿಡಿ, ಒಂದಾರು ತಿಂಗಳು ಫಾರ್ಮ್ಯಾಟ್ ಮಾಡಬೇಡಿ. ಎಲ್ಲ ನಕಲು ಮಾಡಿದ್ದೇನೆ ಅಂತ ನಾನೂ ಧೈರ್ಯವಾಗಿದ್ದೆ. ಮೂರು ತಿಂಗಳಾದ ಮೇಲೆ ಅಪ್ಪ ನೆಂಟರ ವಿಳಾಸಗಳ ಪಟ್ಟಿ ಎಲ್ಲಿ ಅಂತ ಕೇಳಿದರು. ಅದು ಸಿ ಡ್ರೈವ್‌ನಲ್ಲಿ, ವಿಂಡೋಸ್ ಫೋಲ್ಡರ್ ಒಳಗೆ, ‘ನ್ಯೂ ಫೋಲ್ಡರ್ 2’ ಅನ್ನುವ ಹೆಸರಿನಲ್ಲಿ ಕೂತಿತ್ತು.