ಸಿಕಲ್ ಸೆಲ್ ಇರೋ ಮಗುಗೆ ಐರನ್ ಟಾನಿಕ್ ಕೊಡಬಹುದಾ? ರಕ್ತಕಣ ಬಾಗಲ್ಲ ಅಂದ್ರೆ ಏನು?

ಮೇಡಂ, ಮಗಳಿಗೆ 4 ವರ್ಷ, ಸಿಕಲ್ ಸೆಲ್ (ಹುಟ್ಟಿನಿಂದ ಬರೋ ರಕ್ತದ ಕಾಯಿಲೆ) ಅಂತ ಗೊತ್ತಾಗಿದೆ, ಹಿಮೋಗ್ಲೋಬಿನ್ 8 ಇದೆ, ಮನೇಲಿ ಎಲ್ರೂ ಐರನ್ ಟಾನಿಕ್ ಕೊಡು ಅಂತಿದಾರೆ ಅಂತ ಬರ್ದಿದೀರ. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರ್ಸೋ) ಟೆಸ್ಟ್ ಮಾಡ್ಸಿ ಕಬ್ಬಿಣ ಕಮ್ಮಿ ಇದೆ ಅಂತ ಡಾಕ್ಟರೇ ಹೇಳೋ ತನಕ ದಯವಿಟ್ಟು ಕೊಡ್ಬೇಡಿ. ಇಲ್ಲಿ ತೊಂದ್ರೆ ಕಬ್ಬಿಣದ್ದಲ್ಲ, ತಯಾರಾದ ಕಣಗಳು ಗಡುಸಾಗಿ ಬೇಗ ಒಡ್ದು ಹೋಗೋದು. ಮಾಮೂಲಿ ಕೆಂಪು ಕಣ 120 ದಿನ ಬಾಳತ್ತೆ, ಸಿಕಲ್ ಕಣ 10-20 ದಿನ ಅಷ್ಟೆ.

ಕೆಂಪು ಕಣದ ಅಗಲ 7-8 ಮೈಕ್ರಾನ್, ಅದು ನುಗ್ಗಬೇಕಾದ ರಕ್ತನಾಳ ಕೆಲವು ಕಡೆ ಅದ್ರ ಅರ್ಧದಷ್ಟೂ ಇರಲ್ಲ, ಗುಲ್ಮದಲ್ಲಿರೋ (ಸ್ಪ್ಲೀನ್, ಹೊಟ್ಟೆಯ ಎಡಗಡೆ ರಕ್ತ ಸೋಸೋ ಅಂಗ) ಸೀಳುಗಳಂತೂ ಇನ್ನೂ ಕಿರಿದು. ಒಳ್ಳೆ ಕಣ ಬಾಡಿಸಿದ ಬಾಳೆಲೆ ಥರ ಮಡಚಿಕೊಂಡು ದಾಟಿಬಿಡತ್ತೆ. ಸಿಕಲ್ ಹಿಮೋಗ್ಲೋಬಿನ್ ಇದ್ರೆ ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಒಳಗಡೆ ಒಂದಕ್ಕೊಂದು ಅಂಟಿಕೊಂಡು ಉದ್ದುದ್ದ ಕಡ್ಡಿ ಆಗತ್ತೆ, ಕಣ ಬಾಗಲ್ಲ, ದಾರೀಲೇ ಸಿಕ್ಕಾಕೊಳ್ಳತ್ತೆ. ಮಗು ಕೈ ಕಾಲು ನೋವು ಅಂತ ಅಳೋದು ಇದಕ್ಕೇ.

ನಾನು ಲ್ಯಾಬಲ್ಲಿ ಕೆಲ್ಸ ಮಾಡೋನು, ಇದನ್ನ ಕಣ್ಣಾರೆ ನೋಡ್ತೀನಿ. ಒಂದು ಹನಿ ರಕ್ತಕ್ಕೆ ಸೋಡಿಯಂ ಮೆಟಾಬೈಸಲ್ಫೈಟ್ (ಆಮ್ಲಜನಕ ತೆಗೆಯೋ ರಾಸಾಯನಿಕ) ಸೇರ್ಸಿ ಕವರ್ ಸ್ಲಿಪ್ ಮುಚ್ಚಿ ಅಂಚಿಗೆ ವ್ಯಾಸಲೀನ್ ಹಚ್ಚಿ ಗಾಳಿ ಹೋಗ್ದಂಗೆ ಮಾಡ್ತೀವಿ, ಸ್ವಲ್ಪ ಹೊತ್ತು ಬಿಟ್ಟು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ದುಂಡಗಿದ್ದ ಕಣಗಳೆಲ್ಲ ಎರಡೂ ತುದಿ ಚೂಪಾಗಿ ಕುಡುಗೋಲಿನ ಆಕಾರಕ್ಕೆ ತಿರುಗಿರ್ತವೆ. ಮೈಯೊಳಗೆ ಆಮ್ಲಜನಕ ಸಿಕ್ಕಿದ್ರೆ ವಾಪಸ್ ದುಂಡಗಾಗತ್ತೆ, ಆದ್ರೆ ಪದೇ ಪದೇ ಹೀಗೇ ಆದ್ರೆ ಪೊರೆ ಹಾಳಾಗಿ ಕೆಲವು ಕಣ ಹಂಗೇ ಉಳ್ಕೊಂಡ್ಬಿಡ್ತವೆ.

ಅದಕ್ಕೇ ನೀರು ಕುಡಿಸಿ ಕುಡಿಸಿ ಅಂತ ಹೇಳೋದು. ಕಣದಲ್ಲಿ ನೀರು ಕಮ್ಮಿ ಆದಷ್ಟೂ ಹಿಮೋಗ್ಲೋಬಿನ್ ಒತ್ತೊತ್ತಾಗಿ ಇನ್ನೂ ಬೇಗ ಕಡ್ಡಿಗಟ್ಟತ್ತೆ. ವಾಂತಿ ಭೇದಿ ಆದಾಗ, ಬಿಸಿಲಲ್ಲಿ ಆಡಿದಾಗ ಹುಷಾರು, ತಣ್ಣೀರು ಸ್ನಾನ ಬೇಡ.

ಡಾಕ್ಟರ್ ಹೈಡ್ರಾಕ್ಸಿಯೂರಿಯಾ ಬರ್ದಿದ್ರೆ ಕ್ಯಾನ್ಸರ್ ಮಾತ್ರೆ ಅಂತ ಯಾರೋ ಹೆದರಿಸಿದ್ರೆ ನಿಲ್ಲಿಸ್ಬೇಡಿ. ಹುಟ್ಟಿದ ಮಗುಗೆ ಮೊದಲ ಕೆಲವು ತಿಂಗಳು ಇರೋ ಫೀಟಲ್ ಹಿಮೋಗ್ಲೋಬಿನ್ ಆ ಕಡ್ಡಿಗೆ ಸೇರಲ್ಲ, ಅದಕ್ಕೇ ಎಳೇ ಕೂಸಿಗೆ ಆಗ ಏನೂ ಗೊತ್ತಾಗಲ್ಲ. ಈ ಮಾತ್ರೆ ಅದನ್ನೇ ಮತ್ತೆ ಜಾಸ್ತಿ ಮಾಡತ್ತೆ, ಕಣ ಬಾಗೋ ಹಂಗೆ ಉಳಿಯತ್ತೆ. ರಿಪೋರ್ಟಲ್ಲಿ ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ಏರಿದ್ರೆ ಗಾಬರಿ ಬೇಡ, ಮಾತ್ರೆ ಕೆಲ್ಸ ಮಾಡ್ತಿದೆ ಅಂತ ಸಾಮಾನ್ಯವಾಗಿ ಅದ್ರರ್ಥ. ಬಿಳಿ ಕಣ ಇಳಿದಿದೆಯಾ ನೋಡೋಕೆ ಆಗಾಗ ಸಿಬಿಸಿ (ರಕ್ತಕಣ ಎಣಿಸೋ ಟೆಸ್ಟ್) ಮಾತ್ರ ತಪ್ಪಿಸ್ಬೇಡಿ.

ಜ್ವರ 101 ದಾಟಿದ್ರೆ ಕಾಯ್ಬೇಡಿ, ರಾತ್ರಿ ಆದ್ರೂ ಸರಿ ಹೊರಡಿ. ಗುಲ್ಮ ಕೆಲ್ಸ ಕಳ್ಕೊಂಡಿರೋದ್ರಿಂದ ನ್ಯುಮೋಕಾಕಸ್ ಥರದ ಬ್ಯಾಕ್ಟೀರಿಯಾ ಸೋಂಕು ಗಂಟೆಗಳಲ್ಲಿ ಏರ್ಬಿಡತ್ತೆ. ಎಡಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ನೋಡೋದನ್ನ ಡಾಕ್ಟರ್ ಹತ್ರ ಕಲ್ತ್ಕೊಳ್ಳಿ, ಅಲ್ಲಿ ದಿಢೀರ್ ಅಂತ ಊದಿ ಮಗು ಬಿಳಚಿಕೊಂಡ್ರೆ ರಕ್ತ ಗುಲ್ಮದಲ್ಲಿ ತುಂಬ್ಕೊಂಡಿದೆ ಅಂತ, ತಕ್ಷಣ ಆಸ್ಪತ್ರೆ.

ನಿಮ್ಮ ಚಿಕ್ಕ ಮಗನಿಗೂ ಎಚ್‌ಪಿಎಲ್‌ಸಿ (ಯಾವ ಥರದ ಹಿಮೋಗ್ಲೋಬಿನ್ ಇದೆ ಅಂತ ನೋಡೋ ರಕ್ತ ಪರೀಕ್ಷೆ) ಮಾಡ್ಸಿ. ನಿಮ್ಮ ಮೇಲೆ, ನಿಮ್ಮ ಯಜಮಾನ್ರ ಮೇಲೆ ಯಾರೂ ತಪ್ಪು ಹೊರಿಸೋ ಹಂಗಿಲ್ಲ, ಇಬ್ರಿಗೂ ಒಂದೊಂದು ಸಿಕಲ್ ಜೀನ್ ಇದ್ದು ಆರಾಮಾಗಿದ್ರೂ ಪ್ರತಿ ಮಗುಗೂ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. 2023ರಿಂದ ಸಿಕಲ್ ಸೆಲ್ ಮಿಷನ್ ಅಂತ ಕೇಂದ್ರದ ಯೋಜನೆ ಇದೆ, ಕರ್ನಾಟಕನೂ ಅದ್ರಲ್ಲಿದೆ, ಆಶಾ ಕಾರ್ಯಕರ್ತೆನ ಕೇಳಿದ್ರೆ ಟೆಸ್ಟ್ ಎಲ್ಲಿ ಮಾಡ್ತಾರೆ ಅಂತ ಹೇಳ್ತಾರೆ.