ಐದು ಗಂಟೆಯ ಟಿವಿ, ಎರಡು ನಿಮಿಷದ ಓಟ

ಅಕ್ಕಾ ಎಂದು ಕರೆದು ಬರೆದಿದ್ದೀರಿ, ಸಂತೋಷ. ಮಾರ್ಚ್‌ನಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ಗೆ ಬಂದಿಳಿದಿದ್ದೀರಿ, ಮನೆಗೆ ಸೋಫಾ ಕೂಡ ಬಂದಿಲ್ಲ, ಆಗಲೇ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಕೆಂಟಕಿ ಡರ್ಬಿ ಎಂಬ ಕುದುರೆ ಓಟದ ಮಾತು. ಎರಡು ನಿಮಿಷದ ಓಟಕ್ಕೆ ಟಿವಿಯಲ್ಲಿ ಐದು ಗಂಟೆ ಏನು ತೋರಿಸುತ್ತಾರೆ? ಹಳೆಯ ಓಟಗಳನ್ನು ಹುಡುಕಿ ನೋಡಿದರೆ ವಿವರಣೆ ಕೊಡುವವರ ಮಾತು ಒಂದಕ್ಷರವೂ ತಿಳಿಯುವುದಿಲ್ಲವಲ್ಲ? ನಮ್ಮದು ಇಸ್ಪೀಟು ಎಲೆಯನ್ನೂ ಮುಟ್ಟದ ಮನೆ, ಮ್ಯಾನೇಜರ್ ಕರೆದಿರುವ ಡರ್ಬಿ ಪಾರ್ಟಿಗೆ ಹೋಗಬೇಕೋ ಬೇಡವೋ? ಇಷ್ಟು ನಿಮ್ಮ ಪ್ರಶ್ನೆಗಳು.

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಹೋಗಿ. 1875ರಿಂದ ಒಂದು ವರ್ಷವೂ ತಪ್ಪದೆ ನಡೆದುಬಂದಿರುವ ಓಟ ಇದು. 2020ರಲ್ಲಿ ಕೋವಿಡ್ ಬಂದಾಗಲೂ ಸೆಪ್ಟೆಂಬರ್‌ಗೆ ಮುಂದೂಡಿ, ಖಾಲಿ ಗ್ಯಾಲರಿಯ ಮುಂದೆ ಓಡಿಸಿದರೇ ಹೊರತು ಬಿಡಲಿಲ್ಲ. ಡರ್ಬಿ ಮೇ ತಿಂಗಳ ಮೊದಲ ಶನಿವಾರ. ಅದರ ಹಿಂದಿನ ದಿನ ಓಕ್ಸ್ ಎಂಬ ಇನ್ನೊಂದು ಕುದುರೆ ಓಟ, ಅಂದು ಊರಿನ ಶಾಲೆಗಳಿಗೇ ರಜೆ. ಪಾರ್ಟಿಯಲ್ಲಿ ಜೂಜು ಎಂದರೆ ಸಾಮಾನ್ಯವಾಗಿ ಒಂದೋ ಎರಡೋ ಡಾಲರ್ ಕೊಟ್ಟು ಟೋಪಿಯೊಳಗಿಂದ ಕುದುರೆಯ ಹೆಸರಿರುವ ಚೀಟಿ ಎತ್ತುವುದು, ಅಷ್ಟೇ. ಅಮ್ಮ ಫೋನಿನಲ್ಲಿ ಆಕ್ಷೇಪಿಸಿದರೆ, ಕುದುರೆ ರೇಸ್ ಕೌಶಲದ ಆಟ ಎಂದು ನಮ್ಮ ಸುಪ್ರೀಂ ಕೋರ್ಟೇ 1996ರಲ್ಲಿ ಹೇಳಿದೆ ಎಂದು ತಿಳಿಸಿ. ಅಮ್ಮಂದಿರ ತೀರ್ಪು ಅದರಿಂದ ಬದಲಾಗುವುದಿಲ್ಲ, ಆದರೂ ಹೇಳಿ ನೋಡಿ. ಊಟದ ಚಿಂತೆ ಬೇಡ. ಬರ್ಗೂ ಎಂಬ ಸಾರಿನಲ್ಲಿ ಮಾಂಸವಿರುತ್ತದೆ, ಬಿಡಿ; ಬೆನೆಡಿಕ್ಟೀನ್ ಎಂಬ ಸೌತೆಕಾಯಿ ಮತ್ತು ಕ್ರೀಮ್ ಚೀಸಿನ ಸ್ಯಾಂಡ್‌ವಿಚ್ ಈ ಊರಿನದೇ ಹುಟ್ಟು, ಅದನ್ನು ಧೈರ್ಯವಾಗಿ ತಿನ್ನಿ.

ಇನ್ನು ಆ ಐದು ಗಂಟೆ. ಎನ್‌ಬಿಸಿ ವಾಹಿನಿ ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಶುರು ಮಾಡುತ್ತದೆ. ಓಟ ಸಂಜೆ ಏಳಕ್ಕೆ ಮೂರು ನಾಲ್ಕು ನಿಮಿಷ ಇರುವಾಗ. ನಡುವಿನ ಹೊತ್ತಿನ ಹೆಚ್ಚು ಪಾಲನ್ನು, ಓಟ ನೋಡಲು ಬಂದವರು ತೊಟ್ಟ ಅಲಂಕಾರದ ಟೋಪಿಗಳು ತಿನ್ನುತ್ತವೆ. ಚಿತ್ರತಾರೆಯರು ತಾವು ಎಂದೂ ಕೇಳಿರದ ಕುದುರೆಗಳ ಬಗ್ಗೆ ಭವಿಷ್ಯ ನುಡಿಯುತ್ತಾರೆ, ಯಾರೋ ಬರ್ಬನ್ ಮದ್ಯಕ್ಕೆ ಪುದೀನ ಸೊಪ್ಪು ಹಾಕಿ ಕಲಸುತ್ತಾರೆ. ನನ್ನ ಮಟ್ಟಿಗೆ ಇದೆಲ್ಲ ಅಡುಗೆಮನೆಯ ಕೆಲಸ ಮುಗಿಸಿಕೊಳ್ಳುವ ಸಮಯ. ಆರು ಗಂಟೆ ದಾಟಿದ ಮೇಲೆ ಬಂದು ಕುಳಿತರೆ ಸಾಕು, ನೋಡಬೇಕಾದದ್ದೆಲ್ಲ ಆಮೇಲೆಯೇ ಬರುತ್ತದೆ. ಹಿಂಬದಿಯ ಲಾಯಗಳಿಂದ ಕುದುರೆಗಳನ್ನು ಓಟದ ಹಾದಿಯಲ್ಲೇ ನಡೆಸಿಕೊಂಡು ಜೀನು ಕಟ್ಟುವ ಅಂಗಳಕ್ಕೆ ತರುತ್ತಾರೆ. ಕೋಟು ತೊಟ್ಟ ಮಾಲೀಕರು, ತರಬೇತುದಾರ, ಅವರ ಮಕ್ಕಳು ಮರಿ ಎಲ್ಲ ಮಣ್ಣಿನಲ್ಲಿ ಜೊತೆಗೆ ನಡೆಯುತ್ತಾರೆ. ಲಗಾಮು ಹಿಡಿದ ಕೈಗಳನ್ನು ಗಮನಿಸಿ. ಅವರಲ್ಲಿ ಬಹಳ ಮಂದಿ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯಿಂದ ಬಂದವರು, ನಮ್ಮ ಹಾಗೆ ವೀಸಾ ಕಾಗದ ಜೋಪಾನ ಮಾಡಿಕೊಂಡು ಬದುಕುವವರು. ಕ್ಯಾಮೆರಾ ಅವರ ಮೇಲೆ ಹಾದುಹೋಗುತ್ತದೆ, ಮೈಕು ಅವರ ಬಳಿ ನಿಲ್ಲುವುದು ಅಪರೂಪ. ವಾಹಿನಿಯ ಮೇಲೆ ನನ್ನ ದೊಡ್ಡ ದೂರು ಇದು.

ಆಮೇಲೆ ಕುದುರೆಗಳು ಓಟದ ಹಾದಿಗೆ ಬರುತ್ತಿದ್ದಂತೆ ಲೂಯಿವಿಲ್ ವಿಶ್ವವಿದ್ಯಾಲಯದ ಬ್ಯಾಂಡು ರಾಜ್ಯಗೀತೆ ನುಡಿಸುತ್ತದೆ. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದವರೂ ಎದ್ದು ನಿಂತು ಹಾಡುತ್ತಾರೆ, ಕೆಲವರ ಕಣ್ಣು ಒದ್ದೆಯಾಗುತ್ತದೆ. ನೀವೂ ಎದ್ದು ನಿಲ್ಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ, ಆ ಅರ್ಥವಾಗದ ದನಿ. 2011ರಿಂದ ಎನ್‌ಬಿಸಿಯಲ್ಲಿ ಡರ್ಬಿಯ ವೀಕ್ಷಕ ವಿವರಣೆ ಕೊಡುತ್ತಿರುವವರು ಲ್ಯಾರಿ ಕೋಲ್ಮಸ್. ನಾನು ಉಡುಪಿ ಕಡೆಯವಳು, ಕಂಬಳದ ಗದ್ದೆಯ ಮೈಕು ಕೇಳಿ ಬೆಳೆದವಳು. ಅಲ್ಲಿ ಒಂದು ಸಲಕ್ಕೆ ಓಡುವುದು ಎರಡು ಜೋಡಿ ಕೋಣ. ಇಲ್ಲಿ ಒಟ್ಟಿಗೆ ಇಪ್ಪತ್ತು ಕುದುರೆ. ಎಲ್ಲವೂ ಮೂರು ವರ್ಷ ವಯಸ್ಸಿನವು, ಹೆಚ್ಚಿನವು ಕಂದು ಬಣ್ಣದವು. ದೂರ ಹತ್ತು ಫರ್ಲಾಂಗ್, ನಮ್ಮ ಲೆಕ್ಕದಲ್ಲಿ ಎರಡು ಕಿಲೋಮೀಟರ್. ಎತ್ತರದ ಗೂಡಿನಲ್ಲಿ ಬೈನಾಕ್ಯುಲರ್ ಹಿಡಿದು ನಿಂತವನಿಗೆ ಕುದುರೆಯ ಮುಖ ಗುರುತಾಗುವುದಿಲ್ಲ. ಅವನು ಓದುವುದು ಜಾಕಿಯ, ಅಂದರೆ ಸವಾರನ, ಅಂಗಿ ಮತ್ತು ಟೋಪಿಯ ಬಣ್ಣವನ್ನು. ಈ ಬಣ್ಣಗಳು ಮಾಲೀಕರವು, ಬೆಂಗಳೂರು ಮೈಸೂರಿನ ರೇಸ್‌ಗಳಲ್ಲೂ ಇದೇ ಪದ್ಧತಿ. ಒಬ್ಬನೇ ಮಾಲೀಕನ ಎರಡು ಕುದುರೆ ಓಡಿದರೆ ಅಂಗಿ ಒಂದೇ, ಟೋಪಿ ಮಾತ್ರ ಬೇರೆ. ಬಣ್ಣದ ಪೆನ್ಸಿಲ್ ಹಿಡಿದು ಕುದುರೆಗಳ ಪಟ್ಟಿಯ ಪಕ್ಕದಲ್ಲಿ ಅಂಗಿಗಳ ಚಿತ್ರ ಬರೆದುಕೊಂಡು, ಪರೀಕ್ಷೆಯ ಹಿಂದಿನ ರಾತ್ರಿಯ ಹುಡುಗರಂತೆ ಉರು ಹೊಡೆಯುವ ವಿವರಣೆಗಾರರಿದ್ದಾರೆ. ಓಟ ಮುಗಿದ ಮರುಗಳಿಗೆ ಅದನ್ನೆಲ್ಲ ಮರೆಯಬೇಕು. ಮುಂದಿನ ಓಟಕ್ಕೆ ಹೊಸ ಹೆಸರು, ಹೊಸ ಬಣ್ಣ. ಮಳೆ ಬಂದರಂತೂ ಕಷ್ಟ. ಡರ್ಬಿ ಹುಲ್ಲಿನ ಮೇಲಲ್ಲ, ಮಣ್ಣಿನ ಮೇಲೆ ಓಡುವುದು. ಮುಂದಿರುವವನ ಅಂಗಿ ಮಾತ್ರ ಶುಭ್ರವಾಗಿ ಉಳಿಯುತ್ತದೆ. ಹಿಂದಿನವರೆಲ್ಲ ಅರ್ಧ ಓಟದ ಹೊತ್ತಿಗೆ ಒಂದೇ ಕೆಸರಿನ ಬಣ್ಣಕ್ಕೆ ತಿರುಗಿರುತ್ತಾರೆ.

ನಿಮಗೆ ಅರ್ಥವಾಗದಿರುವುದಕ್ಕೆ ಇಂಗ್ಲಿಷ್ ಕಾರಣವಲ್ಲ. ಇಪ್ಪತ್ತು ಹೆಸರನ್ನೂ ಹಿಡಿಯಲು ಹೋಗುತ್ತೀರಿ, ಅದೇ ತೊಂದರೆ. ಇಲ್ಲಿ ಹುಟ್ಟಿ ಬೆಳೆದವರೂ ಹಾಗೆ ಕೇಳುವುದಿಲ್ಲ. ಗೇಟು ತೆರೆದ ಮೇಲೆ ಕುದುರೆಗಳು ಒಮ್ಮೆ ಗ್ಯಾಲರಿಯ ಮುಂದೆಯೇ ಹಾದುಹೋಗುತ್ತವೆ, ಆಗ ಮುನ್ನಡೆ ಯಾರದು ಎಂಬುದೊಂದನ್ನು ಹಿಡಿಯಿರಿ. ಮೊದಲ ತಿರುವಿನಲ್ಲಿ ಕಾಲು ಮೈಲಿಯ ಸಮಯ ಹೇಳುತ್ತಾರೆ. ಆ ಅಂಕಿಯನ್ನು ಬಿಡಬೇಡಿ, ಅರ್ಧ ಕಥೆ ಅದರಲ್ಲೇ ಇರುತ್ತದೆ. 23 ಸೆಕೆಂಡ್‌ನ ಆಸುಪಾಸು ಎಂದರೆ ಮುಂದಿನವರು ಉಸಿರು ಉಳಿಸಿಕೊಂಡಿದ್ದಾರೆ. 22ಕ್ಕಿಂತ ಕಡಿಮೆ ಎಂದರೆ ಅವರು ಕೊನೆಯಲ್ಲಿ ಕುಸಿಯುವುದು ಹೆಚ್ಚು ಕಡಿಮೆ ಖಚಿತ. ಎದುರು ಬದಿಯ ನೇರಹಾದಿಯಲ್ಲಿ ಮುಂದಿನಿಂದ ಹಿಂದಿನವರೆಗೆ ಹೆಸರುಗಳನ್ನು ಓದುತ್ತಾ ಹೋಗುತ್ತಾರೆ, ಅದನ್ನು ಹರಿಯಲು ಬಿಡಿ. ಕೊನೆಯ ತಿರುವಿನಲ್ಲಿ ಮತ್ತೆ ಕಿವಿ ನಿಮಿರಿಸಿ: ಇಲ್ಲಿಯವರೆಗೆ ಕೇಳದ ಒಂದು ಹೆಸರು ತಟ್ಟನೆ ಬಂದರೆ, ಓಟ ಆ ಕುದುರೆಯದಾಗಬಹುದು.

2022ರ ಓಟವನ್ನು ಯೂಟ್ಯೂಬ್‌ನಲ್ಲಿ ಹಾಕಿಕೊಂಡು ಇದನ್ನು ಅಭ್ಯಾಸ ಮಾಡಿ. ಮೊದಲ ಕಾಲು ಮೈಲಿ 21.78 ಸೆಕೆಂಡ್, ಡರ್ಬಿ ಅದುವರೆಗೆ ಕಂಡಿರದ ವೇಗ. ರಿಚ್ ಸ್ಟ್ರೈಕ್ ಎಂಬ ಕುದುರೆಗೆ ಹಿಂದಿನ ದಿನ ಇನ್ನೊಂದು ಕುದುರೆ ಹಿಂದೆ ಸರಿದ ಮೇಲಷ್ಟೇ ಜಾಗ ಸಿಕ್ಕಿತ್ತು. ಪಣದ ದರ ಒಂದಕ್ಕೆ ಎಂಬತ್ತು, ಅಂದರೆ ಗೆಲ್ಲುತ್ತದೆ ಎಂದು ಹೆಚ್ಚಿನವರು ನಂಬದ ಕುದುರೆ. ಅದರ ಹೆಸರನ್ನು ಏಕೆ ಹೇಳಬೇಕು? ಮುಂದೆ ಎಪಿಸೆಂಟರ್ ಮತ್ತು ಝಾಂಡನ್ ಕಾದಾಡುತ್ತಿದ್ದವು, ಕೋಲ್ಮಸ್ ಕಣ್ಣೂ ಅಲ್ಲೇ ಇತ್ತು. ಕೊನೆಯ ಕೆಲವು ಕ್ಷಣಗಳಲ್ಲಿ ಒಳಬದಿಯಿಂದ ನುಗ್ಗಿಬಂದದ್ದನ್ನು ಗುರುತಿಸಿ ಅವರು ಹೆಸರು ಹೇಳುವಾಗ ದನಿಯೇ ಜಿಗಿಯುತ್ತದೆ. ಆಮೇಲೆ ವಾಹಿನಿ ಮೇಲಿನಿಂದ ತೆಗೆದ ದೃಶ್ಯವನ್ನು ತೋರಿಸಿತು: ಜಾಕಿ ಸೋನಿ ಲಿಯೋನ್ ಆ ಗುಂಪಿನೊಳಗೆ ಸಂದಿ ಹುಡುಕಿ ಹುಡುಕಿ ನುಸುಳಿ ಬಂದದ್ದು ಆಗ ಕಂಡಿತು. ಮೊದಲ ನೋಟದಲ್ಲಿ ಅದು ಯಾರಿಗೂ ಕಂಡಿರಲಿಲ್ಲ. ಎರಡು ಡಾಲರ್ ಕಟ್ಟಿದವರಿಗೆ 163 ಡಾಲರ್ 60 ಸೆಂಟ್ ಬಂತು.

ಆ ಗೂಡಿನೊಳಗಿನ ಎದೆಬಡಿತ ಎಂಥದ್ದೆಂದು ತಿಳಿಯಬೇಕಾದರೆ ಟಾಮ್ ಡರ್ಕಿನ್ ಅವರ ಕಥೆ ಕೇಳಬೇಕು. 2001ರಲ್ಲಿ ಡರ್ಬಿ ಎನ್‌ಬಿಸಿಗೆ ಬಂದಾಗಿನಿಂದ 2010ರವರೆಗೆ ಅವರದೇ ದನಿ. ನನ್ನ ಲೆಕ್ಕದಲ್ಲಿ ಅವರಷ್ಟು ಚೆನ್ನಾಗಿ ಮಾತಿನ ಓಟವನ್ನು ಕಟ್ಟಿದವರು ಇನ್ನೊಬ್ಬರಿಲ್ಲ. 2009ರಲ್ಲಿ ಮಳೆ ಬಿದ್ದ ಹಾದಿ. ಮೈನ್ ದಟ್ ಬರ್ಡ್ ಎಂಬ ಕುದುರೆಯನ್ನು ಅದರ ತರಬೇತುದಾರ ನ್ಯೂ ಮೆಕ್ಸಿಕೋದಿಂದ ಸ್ವತಃ ಗಾಡಿ ಓಡಿಸಿಕೊಂಡು ತಂದಿದ್ದ, ದರ ಒಂದಕ್ಕೆ ಐವತ್ತು. ಜಾಕಿ ಕ್ಯಾಲ್ವಿನ್ ಬೊರೆಲ್ ಒಳಬೇಲಿಗೆ ಅಂಟಿಕೊಂಡೇ ಹಿಂದಿನಿಂದ ಬಂದ. ಕುದುರೆ ಎಲ್ಲರನ್ನೂ ದಾಟಿ ಮುಂದೆ ಹೋದಾಗಲೂ ಡರ್ಕಿನ್ ಬಾಯಿಂದ ಹೆಸರು ಹೊರಡಲಿಲ್ಲ. ಹೊರಡುವ ಹೊತ್ತಿಗೆ ಅಂತರ ಹಲವು ಕುದುರೆ ಉದ್ದದಷ್ಟಾಗಿತ್ತು. ಗೆದ್ದದ್ದು ಆರೂ ಮುಕ್ಕಾಲು ಉದ್ದದಿಂದ. ಎರಡು ವರ್ಷದ ಬಳಿಕ, ಒತ್ತಡ ತಾಳಲಾರೆ ಎಂದು ಬಾಯಿಬಿಟ್ಟು ಹೇಳಿ ಅವರು ಡರ್ಬಿಯನ್ನು ಬಿಟ್ಟುಕೊಟ್ಟರು. ವೃತ್ತಿಯ ತುತ್ತತುದಿಯಲ್ಲಿದ್ದವರು ಹಾಗೆ ಹೇಳುವುದಕ್ಕೆ ಗುಂಡಿಗೆ ಬೇಕು, ನಾನಂತೂ ಅವರನ್ನು ಆವತ್ತಿನಿಂದ ಹೆಚ್ಚು ಮೆಚ್ಚಿದೆ.

ತಪ್ಪು ಹೊಸದೇನಲ್ಲ. 1925ರಲ್ಲಿ ಡರ್ಬಿ ರೇಡಿಯೋಗೆ ಬಂತು, ಅದರ ಹಿಂದೆಯೇ ಕ್ಲೆಮ್ ಮೆಕಾರ್ಥಿ ಎಂಬವರ ಗೊಗ್ಗರು ದನಿ ದೇಶಕ್ಕೆಲ್ಲ ಪರಿಚಯವಾಯಿತು. 1947ರಲ್ಲಿ, ಡರ್ಬಿಯ ನಂತರ ಬಾಲ್ಟಿಮೋರ್‌ನಲ್ಲಿ ನಡೆದ ಪ್ರೀಕ್‌ನೆಸ್ ಓಟದಲ್ಲಿ, ಜನರ ಗುಂಪು ಅಡ್ಡಬಂದು ತಿರುವು ಕಾಣದೆ ಹೋಯಿತು. ಫಾಲ್ಟ್‌ಲೆಸ್ ಗೆದ್ದರೆ ಜೆಟ್ ಪೈಲಟ್ ಗೆದ್ದಿತು ಎಂದು ಸಾರಿಬಿಟ್ಟರು, ಕೂಡಲೇ ಪ್ರಸಾರದಲ್ಲೇ ತಿದ್ದಿಕೊಂಡರು. ಟಿವಿಯ ಕಥೆ ಚಿಕ್ಕದು. 1949ರಲ್ಲಿ ಈ ಊರಿನ ವೇವ್ ಕೇಂದ್ರ ಸ್ಥಳೀಯರಿಗೆ ತೋರಿಸಿತು, 1952ರಲ್ಲಿ ಸಿಬಿಎಸ್ ದೇಶಕ್ಕೆಲ್ಲ. 1975ರಿಂದ 2000ದವರೆಗೆ ಎಬಿಸಿಯ ಕಾಲ, ನಿರೂಪಕರು ಜಿಮ್ ಮೆಕೇ. ನಿಮ್ಮ ಕಚೇರಿಯಲ್ಲಿ ಐವತ್ತು ದಾಟಿದವರು ಯಾರಾದರೂ ಕೊನೆಯ ನೇರಹಾದಿಯ ಮಾತು ಬಂದಾಗ ದನಿ ಎಳೆದು ಒಂದೇ ವಾಕ್ಯವನ್ನು ಕೂಗಿದರೆ ಬೆಚ್ಚಬೇಡಿ. ಅದು ಎಬಿಸಿಯ ಡೇವ್ ಜಾನ್ಸನ್ ಅವರ ಅನುಕರಣೆ, ಈ ಊರಲ್ಲಿ ಮಕ್ಕಳಿಗೂ ಬರುತ್ತದೆ.

ಟಿವಿಯವರ ನಿಜವಾದ ಪರೀಕ್ಷೆ ನಡೆದದ್ದು 2019ರಲ್ಲಿ. ಮ್ಯಾಕ್ಸಿಮಮ್ ಸೆಕ್ಯೂರಿಟಿ ಮೊದಲು ಗುರಿ ಮುಟ್ಟಿತು, ಸಂಭ್ರಮ ಶುರುವಾಯಿತು, ಅಷ್ಟರಲ್ಲಿ ಆಕ್ಷೇಪ ಬಂತು: ತಿರುವಿನಲ್ಲಿ ಅಡ್ಡ ಸರಿದು ಬೇರೆ ಕುದುರೆಗಳ ಓಟ ಕೆಡಿಸಿದೆ ಎಂದು. ಮೂವರು ತೀರ್ಪುಗಾರರು ದೃಶ್ಯಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಸುಮಾರು 22 ನಿಮಿಷ ತೆಗೆದುಕೊಂಡರು. ಬರೆದಿಟ್ಟ ಮಾತು ಯಾವುದೂ ಕೆಲಸಕ್ಕೆ ಬಾರದ ಹೊತ್ತು ಅದು. ಆಗ ಬೆಲೆ ಬಂದದ್ದು ಮಾಜಿ ಜಾಕಿ ಜೆರ್ರಿ ಬೈಲಿ ಅವರಂಥವರ ಮಾತಿಗೆ. ಕೊನೆಗೆ ಒಂದಕ್ಕೆ ಅರವತ್ತೈದು ದರದ ಕಂಟ್ರಿ ಹೌಸ್ ವಿಜೇತ ಎಂದಾಯಿತು. ಟೋಪಿ, ತಾರೆ ಯಾವುದೂ ಇಲ್ಲದ ಆ 22 ನಿಮಿಷವೇ ಎನ್‌ಬಿಸಿಯ ಅತ್ಯುತ್ತಮ ಡರ್ಬಿ ಪ್ರಸಾರ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಇದಕ್ಕೆ ಒಪ್ಪುವವರಿಲ್ಲ. ಜನರಿಗೆ ಟೋಪಿಯೂ ಬೇಕು ಎಂಬುದನ್ನು ಅಂಕಿ ಹೇಳುತ್ತದೆ: 2025ರಲ್ಲಿ ಸರಾಸರಿ 1.77 ಕೋಟಿ ಜನ ನೋಡಿದರು, 1989ರಿಂದ ಅಲ್ಲಿಯವರೆಗೆ ಅದೇ ಹೆಚ್ಚು.

ಮುಂದೊಂದು ವರ್ಷ ಡರ್ಬಿ ನಡೆಯುವ ರೇಸ್‌ಕೋರ್ಸ್ ಚರ್ಚಿಲ್ ಡೌನ್ಸ್‌ಗೇ ಹೋಗಿ ನೋಡುವ ಆಸೆಯಾದರೆ ಒಂದು ವಿಷಯ ತಿಳಿದಿರಿ. ಅಲ್ಲಿ ಧ್ವನಿವರ್ಧಕದಲ್ಲಿ ಕೇಳುವುದು ಕೋಲ್ಮಸ್ ದನಿಯಲ್ಲ, 2015ರಿಂದ ಅಲ್ಲಿನ ವಿವರಣೆಗಾರರಾದ ಟ್ರಾವಿಸ್ ಸ್ಟೋನ್ ಅವರದು. ಒಂದೇ ಓಟವನ್ನು ಒಂದೇ ಹೊತ್ತಿಗೆ ಒಬ್ಬರು ಟಿವಿಯವರಿಗೆ, ಇನ್ನೊಬ್ಬರು ಅಲ್ಲಿ ಬಂದವರಿಗೆ ಹೇಳುತ್ತಿರುತ್ತಾರೆ. ಮನೆಗೆ ಬಂದು ಟಿವಿಯ ಪ್ರತಿಯನ್ನು ಕೇಳಿ ಹೋಲಿಸುವುದು ನನಗೆ ಬಹಳ ಇಷ್ಟದ ಕೆಲಸ. ಕಡಿಮೆ ದರದ ಟಿಕೆಟ್ ತೆಗೆದುಕೊಂಡು ಮೈದಾನದ ನಡುವೆ ನಿಂತರೆ ಕುದುರೆ ಕಾಣುವುದು ಕಷ್ಟ. ದೊಡ್ಡ ಪರದೆಯೇ ಗತಿ. ಅದಕ್ಕಿಂತ ಒಂದು ಸಾದಾ ದಿನ ಲೆಕ್ಸಿಂಗ್ಟನ್‌ನ ಕೀನ್‌ಲ್ಯಾಂಡ್‌ಗೆ ಹೋಗಿ ಬನ್ನಿ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಓಟ ಇರುತ್ತದೆ. ಕುದುರೆ ಬಲ್ಲವರಿಗೆ ಹೇಳಿಕೊಡುವವರು ಬೇಡ ಎಂಬ ಜಂಬದಲ್ಲಿ, 1936ರಲ್ಲಿ ಶುರುವಾದ ಆ ರೇಸ್‌ಕೋರ್ಸ್ 1997ರವರೆಗೆ ವಿವರಣೆಗಾರರನ್ನೇ ಇಟ್ಟುಕೊಂಡಿರಲಿಲ್ಲ!

ಊರಿನಲ್ಲಿರುವ ತಂದೆತಾಯಿಗೆ ಫೋನಿನಲ್ಲಿ ತೋರಿಸುವ ಯೋಚನೆಯಿದ್ದರೆ, ಓಟದ ಹೊತ್ತು ಅಲ್ಲಿ ಭಾನುವಾರ ಬೆಳಗಿನ ಜಾವ ನಾಲ್ಕೂವರೆ. ಮತ್ತೆ, ಪಾರ್ಟಿ ಇರುವ ಮನೆ ಚರ್ಚಿಲ್ ಡೌನ್ಸ್‌ನ ಅಕ್ಕಪಕ್ಕದ್ದಾದರೆ ಬೆಳಿಗ್ಗೆಯೇ ಹೊರಡಿ. ಸುತ್ತಲಿನ ಮನೆಯವರು ರಟ್ಟಿನ ಫಲಕ ಹಿಡಿದು ತಮ್ಮ ಹುಲ್ಲುಹಾಸಿನಲ್ಲೇ ಕಾರು ನಿಲ್ಲಿಸಲು ಕರೆಯುತ್ತಾರೆ. ಅದು ಇಲ್ಲಿಯ ರೂಢಿ, ಅನುಮಾನ ಬೇಡ. ದರ ಮೊದಲೇ ಕೇಳಿಕೊಳ್ಳಿ, ನಗದು ಹಣ ಇಟ್ಟುಕೊಂಡಿರಿ.