ಕಂಪನಿಯ ಸರ್ವರ್‌ನಿಂದ ಇನ್‌ವಾಯ್ಸ್‌ಗಳನ್ನು ತಾನಾಗಿ ಫ್ಯಾಕ್ಸ್ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೈಕಂಪಾಡಿಯ ನಿಮ್ಮ ರಫ್ತು ಕಂಪನಿಯಲ್ಲಿ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ವಿವರ ಎಲ್ಲವೂ ಲಿನಕ್ಸ್ ಸರ್ವರ್‌ನಲ್ಲಿ ಪಿಡಿಎಫ್ ಆಗಿ ತಯಾರಾಗುತ್ತವೆ. ಜಪಾನಿನ ಕೆಲವು ಗಿರಾಕಿಗಳಿಗೆ ಮಾತ್ರ ಫ್ಯಾಕ್ಸೇ ಬೇಕು. ಈಗ ಆಫೀಸಿನವರೊಬ್ಬರು ಪ್ರಿಂಟ್ ತೆಗೆದು, ಯಂತ್ರದ ಮುಂದೆ ನಿಂತು ಒಂದೊಂದೇ ಕಳಿಸುತ್ತಾರೆ. ಅದು ಸರ್ವರ್‌ನಿಂದಲೇ ಹೋಗಬೇಕು, ಖರ್ಚು ಜಾಸ್ತಿ ಆಗಬಾರದು.

ಖಂಡಿತ ಆಗುತ್ತದೆ. ನಾನು ಮಲ್ಪೆ ಕಡೆಯ ಒಂದು ಮೀನು ರಫ್ತು ಕಂಪನಿಯಲ್ಲಿ ಸರ್ವರ್, ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ನಮ್ಮಲ್ಲೂ ಇಂಥದ್ದೇ ವ್ಯವಸ್ಥೆ ಉಂಟು. ಮಾಡಿ ನೋಡಿದ್ದನ್ನೇ ಹೇಳುತ್ತೇನೆ.

ಮೊದಲು ಒಂದು ಮಾತು. ಫ್ಯಾಕ್ಸ್ ಕಳಿಸುವ ಭಾಗ ಸುಲಭ. ಆದರೆ ಈಗ ಯಂತ್ರದ ಮುಂದೆ ನಿಲ್ಲುವವರು ಬಟನ್ ಒತ್ತುವುದಷ್ಟೇ ಮಾಡುತ್ತಿಲ್ಲ. ಎಂಗೇಜ್ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚುತ್ತಾರೆ. ಮೂರು ಪುಟದಲ್ಲಿ ಎರಡೇ ಹೋದರೆ ಗಮನಿಸುತ್ತಾರೆ. ರಿಪೋರ್ಟ್ ಚೀಟಿಯನ್ನು ಫೈಲಿಗೆ ಸೇರಿಸುತ್ತಾರೆ. ಹೋಗಲೇ ಇಲ್ಲ ಅಂತಾದರೆ ಗಿರಾಕಿಗೆ ಫೋನ್ ಮಾಡುತ್ತಾರೆ. ಈ ನಾಲ್ಕೂ ಕೆಲಸವನ್ನು ಸರ್ವರ್‌ಗೆ ವಹಿಸಿದರೆ ಮಾತ್ರ ಅದು ಆಟೊಮೇಷನ್. ಇಲ್ಲದಿದ್ದರೆ ಹೋಗದ ಫ್ಯಾಕ್ಸ್ ಯಾರಿಗೂ ಗೊತ್ತಾಗದೆ ಸರ್ವರ್‌ನ ಯಾವುದೋ ಫೋಲ್ಡರ್‌ನಲ್ಲಿ ಕೂತಿರುತ್ತದೆ, ಅಲ್ವಾ?

ಲಿನಕ್ಸ್‌ನಲ್ಲಿ ಇದಕ್ಕೆ ನಾನು ಹೇಳುವುದು ಹೈಲಾಫ್ಯಾಕ್ಸ್ ಎಂಬ ಫ್ಯಾಕ್ಸ್ ಸಾಫ್ಟ್‌ವೇರ್. ದುಡ್ಡು ಕೊಡಬೇಕಾಗಿಲ್ಲ. ಸ್ಯಾಮ್ ಲೆಫ್ಲರ್ ಎಂಬವರು 1990ರ ದಶಕದ ಶುರುವಿನಲ್ಲಿ ಬರೆದದ್ದು, ಇವತ್ತಿಗೂ ಗಟ್ಟಿಯಾಗಿ ನಡೆಯುತ್ತದೆ. ಅದರಿಂದಲೇ ಕವಲೊಡೆದ ಹೈಲಾಫ್ಯಾಕ್ಸ್ ಪ್ಲಸ್ ಕೂಡ ಉಂಟು, ಎರಡರಲ್ಲಿ ಯಾವುದಾದರೂ ಆಗುತ್ತದೆ. ಒಂದು ಹೊರಗಿನ ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಸಾಧನ), ಒಂದು ಫೋನ್ ಲೈನ್ ಸಾಕು. ಕಂಪ್ಯೂಟರಿನೊಳಗೆ ಕಾರ್ಡ್ ಆಗಿ ಬರುವ ಅಗ್ಗದ ಸಾಫ್ಟ್ ಮೋಡೆಮ್ ಬೇಡ. ಅದರ ಕೆಲಸದ ಅರ್ಧ ಭಾಗವನ್ನು ಡ್ರೈವರ್ ಸಾಫ್ಟ್‌ವೇರ್ ಮಾಡಬೇಕು, ಲಿನಕ್ಸ್‌ನಲ್ಲಿ ಆ ಡ್ರೈವರ್ ಹುಡುಕಿ ಸಾಕಾಗುತ್ತದೆ. ಸೀರಿಯಲ್ ಅಥವಾ ಯುಎಸ್‌ಬಿ ತಂತಿಯಲ್ಲಿ ಹೊರಗೆ ಕೂರುವ, ಪೂರ್ತಿ ಹಾರ್ಡ್‌ವೇರ್ ಮೋಡೆಮ್ ತೆಗೆದುಕೊಳ್ಳಿ. ಸಿಕ್ಕಿಕೊಂಡಾಗ ಆಫ್ ಮಾಡಿ ಆನ್ ಮಾಡಲಿಕ್ಕೂ ಹೊರಗಿದ್ದರೆ ಸುಲಭ.

ಕಳಿಸಲು ಸೆಂಡ್‌ಫ್ಯಾಕ್ಸ್ ಎಂಬ ಒಂದು ಆದೇಶ. ನಂಬರ್, ಪಿಡಿಎಫ್ ಫೈಲ್, ಜತೆಗೆ ನಿಮ್ಮದೇ ಒಂದು ಗುರುತು ಕೊಟ್ಟರೆ ಅದು ಸಾಲಿಗೆ ಹಾಕಿಕೊಳ್ಳುತ್ತದೆ. ಆ ಗುರುತಿನ ಜಾಗದಲ್ಲಿ ಇನ್‌ವಾಯ್ಸ್ ನಂಬರನ್ನೇ ಕೊಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಪಿಡಿಎಫ್ ಅನ್ನು ಫ್ಯಾಕ್ಸ್‌ಗೆ ಬೇಕಾದ ಟಿಫ್ ಚಿತ್ರವಾಗಿ ಬದಲಿಸುವ ಕೆಲಸ ಘೋಸ್ಟ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಪ್ರೋಗ್ರಾಮಿನದ್ದು, ಅದನ್ನು ಹೈಲಾಫ್ಯಾಕ್ಸ್ ಒಳಗೊಳಗೇ ಕರೆದುಕೊಳ್ಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಚ್ಚಿನವರು ಗಮನಿಸದ ಜಾಗ ಇದು. ಸಾಮಾನ್ಯ ಫ್ಯಾಕ್ಸ್‌ಗೆ ಬಣ್ಣ ಗೊತ್ತಿಲ್ಲ, ಬೂದು ಬಣ್ಣವೂ ಗೊತ್ತಿಲ್ಲ. ಕಪ್ಪು ಅಥವಾ ಬಿಳಿ, ಅಷ್ಟೇ. ಎ4 ಪುಟದ ಒಂದು ಅಡ್ಡಗೆರೆಯಲ್ಲಿ 1728 ಚುಕ್ಕೆ. ಎಷ್ಟು ಚುಕ್ಕೆ ಒಟ್ಟಿಗೆ ಬಿಳಿ, ಎಷ್ಟು ಒಟ್ಟಿಗೆ ಕಪ್ಪು ಅಂತ ಲೆಕ್ಕ ಹಾಕಿ ಕುಗ್ಗಿಸಿ ಕಳಿಸುತ್ತದೆ. ಹಾಗಾಗಿ ಖಾಲಿ ಜಾಗ ಜಾಸ್ತಿ ಇರುವ ಪುಟ ಬೇಗ ಹೋಗುತ್ತದೆ. ನಿಮ್ಮ ಲೆಟರ್‌ಹೆಡ್‌ನಲ್ಲಿ ಬೂದು ಹಿನ್ನೆಲೆ, ಶೇಡ್ ಹಾಕಿದ ಲೋಗೊ ಇದ್ದರೆ ಅದು ಸಾವಿರಾರು ಬಿಡಿ ಚುಕ್ಕೆಗಳಾಗಿ ಒಡೆಯುತ್ತದೆ. ಆಗ ಕುಗ್ಗಿಸಲು ಏನೂ ಉಳಿಯುವುದಿಲ್ಲ. ಅರ್ಧ ನಿಮಿಷದಿಂದ ಒಂದು ನಿಮಿಷದಲ್ಲಿ ಹೋಗಬೇಕಾದ ಪುಟ ಹಲವು ನಿಮಿಷ ಎಳೆಯುತ್ತದೆ. ಐಎಸ್‌ಡಿ ಕಾಲ್‌ನಲ್ಲಿ ಅದು ನೇರ ಖರ್ಚು. ಕಾಲ್ ಉದ್ದವಾದಷ್ಟೂ ನಡುವೆ ಕಡಿಯುವ ಸಾಧ್ಯತೆಯೂ ಹೆಚ್ಚು.

ಆದ್ದರಿಂದ ಫ್ಯಾಕ್ಸ್‌ಗೆ ಅಂತಲೇ ಬೇರೆ ಟೆಂಪ್ಲೇಟ್ ಮಾಡಿಸಿ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಬರೀ ಗೆರೆಯ ಲೋಗೊ. ಅಕ್ಷರದ ಗಾತ್ರ 10ಕ್ಕಿಂತ ಕಡಿಮೆ ಬೇಡ. ಅಂಕಿಗಳ ಮೇಲೆ ಸೀಲು ಬೀಳದ ಹಾಗೆ ಜಾಗ ಬಿಡಿ. ನೀಲಿ ಸೀಲು ಅಲ್ಲಿ ಕಪ್ಪು ಕಲೆಯಾಗಿ, ಕೆಳಗಿನ ಮೊತ್ತವನ್ನು ನುಂಗುತ್ತದೆ. ಮೇಲಿನ ಅಂಚಿನಲ್ಲಿ ಅರ್ಧ ಇಂಚು ಖಾಲಿ ಇರಲಿ. ಕಳಿಸಿದವರ ಹೆಸರು, ತಾರೀಕು, ಸಮಯದ ಸಾಲು ಅಲ್ಲಿ ಬರುತ್ತದೆ. ಪ್ರತಿ ಪುಟದಲ್ಲೂ ಇನ್‌ವಾಯ್ಸ್ ನಂಬರ್ ಮತ್ತು "3ರಲ್ಲಿ 2ನೇ ಪುಟ" ಎಂಬ ರೀತಿಯ ಗುರುತು ಹಾಕಲೇಬೇಕು. ಮೂರು ಪುಟದಲ್ಲಿ ಎರಡು ಹೋಗಿ ಲೈನ್ ಕಡಿದರೆ, ಹೈಲಾಫ್ಯಾಕ್ಸ್ ಮುಂದಿನ ಕಾಲ್‌ನಲ್ಲಿ ಉಳಿದ ಪುಟವನ್ನು ಮಾತ್ರ ಕಳಿಸುತ್ತದೆ. ಆ ಒಂಟಿ ಪುಟ ಯಾವುದಕ್ಕೆ ಸೇರಿದ್ದು ಅಂತ ಅಲ್ಲಿನ ಗೋಡೌನಿನವರಿಗೆ ತಿಳಿಯಬೇಕಲ್ಲ.

ರೆಸಲ್ಯೂಷನ್ ಯಾವಾಗಲೂ ಫೈನ್ ಇಡಿ. ಸಾಮಾನ್ಯ ಮಟ್ಟದಲ್ಲಿ ಒಂದು ಇಂಚಿಗೆ 98 ಗೆರೆ, ಫೈನ್‌ನಲ್ಲಿ 196. ಸಮಯ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಬ್ಯಾಚ್ ನಂಬರು, ಕಂಟೇನರ್ ನಂಬರು ಓದಲಾಗದ ಫ್ಯಾಕ್ಸ್ ಯಾರಿಗೂ ಉಪಯೋಗವಿಲ್ಲ.

ಇನ್ನು ಲೈನ್. ನಿಮ್ಮಲ್ಲಿ ಹಳೆಯ ತಾಮ್ರದ ಲೈನ್ ಇನ್ನೂ ಇದ್ದು, ಅದು ಚೆನ್ನಾಗಿದ್ದರೆ ಅದನ್ನೇ ಫ್ಯಾಕ್ಸ್‌ಗೆ ಮೀಸಲಿಡಿ. ಇಪಿಎಬಿಎಕ್ಸ್ (ಆಫೀಸಿನ ಒಳಗಿನ ಫೋನ್ ಎಕ್ಸ್‌ಚೇಂಜ್) ಮೂಲಕ ಬೇಡ, ನೇರ ಲೈನೇ ಇರಲಿ. ಅದೇ ಲೈನಿಗೆ ಇನ್ನೊಂದು ಫೋನ್ ಜೋಡಿಸಿಟ್ಟಿದ್ದರೆ ತೆಗೆಸಿ. ಯಾರೋ ಸುಮ್ನೆ ರಿಸೀವರ್ ಎತ್ತಿದರೂ ಪುಟ ಹಾಳು. ಕಾಲ್ ವೇಟಿಂಗ್ ಇದ್ದರೆ ಅದನ್ನೂ ತೆಗೆಸಬೇಕು. ಐಎಸ್‌ಡಿ ತೆರೆದಿದೆಯಾ ಅಂತ ಕೈಯಿಂದ ಒಮ್ಮೆ ಡಯಲ್ ಮಾಡಿ ನೋಡಿಕೊಳ್ಳಿ. ಕೆಲವು ಮೋಡೆಮ್‌ಗಳಿಗೆ ನಮ್ಮ ಡಯಲ್ ಟೋನ್ ಗುರುತು ಸಿಗುವುದಿಲ್ಲ, "ನೋ ಡಯಲ್‌ಟೋನ್" ಅಂತ ತಕರಾರು ಮಾಡುತ್ತವೆ. ಮೋಡೆಮ್ ಶುರುವಾಗುವ ಆದೇಶದಲ್ಲಿ ಎಕ್ಸ್3 (X3) ಸೇರಿಸಿದರೆ ಟೋನ್‌ಗೆ ಕಾಯದೆ ಡಯಲ್ ಮಾಡುತ್ತದೆ.

ಆದರೆ ಈಗ ಎಷ್ಟೋ ಕಡೆ ತಾಮ್ರ ಹೋಗಿ ಫೈಬರ್ ಬಂದಿದೆ. ಲ್ಯಾಂಡ್‌ಲೈನ್ ಅಂತ ನಾವು ಕರೆಯುವುದು ಫೈಬರ್ ಡಬ್ಬಿಯ ಹಿಂದಿನ ಒಂದು ಕಿಂಡಿ. ಅಲ್ಲಿ ಧ್ವನಿ ಇಂಟರ್‌ನೆಟ್‌ನ ಹಾಗೆ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಮನುಷ್ಯರ ಮಾತಿನಲ್ಲಿ ಒಂದೆರಡು ಪ್ಯಾಕೆಟ್ ಬಿದ್ದುಹೋದರೆ ಕಿವಿಗೆ ಗೊತ್ತೇ ಆಗುವುದಿಲ್ಲ, ಫ್ಯಾಕ್ಸ್‌ಗೆ ಅಷ್ಟೇ ಸಾಕು ಕಡಿದುಹೋಗಲು. ಧ್ವನಿಯನ್ನು ಕುಗ್ಗಿಸುವ ಜಿ.729 ಎಂಬ ವಿಧಾನ ಇದ್ದರಂತೂ ಫ್ಯಾಕ್ಸ್ ಹೋಗುವುದೇ ಇಲ್ಲ. ಕುಗ್ಗಿಸದ ಜಿ.711 ಬೇಕು. ಅದಕ್ಕಿಂತ ಒಳ್ಳೆಯದು ಟಿ.38, ಇಂಟರ್‌ನೆಟ್ ಮೇಲೆ ಫ್ಯಾಕ್ಸ್ ಕಳಿಸಲೆಂದೇ 1998ರಲ್ಲಿ ಬಂದ ಮಾನದಂಡ. ಲೈನ್ ಕೊಡುವವರನ್ನು ಈ ಎರಡರ ಬಗ್ಗೆ ಬಾಯಿಬಿಟ್ಟು ಕೇಳಿ. "ಫ್ಯಾಕ್ಸ್ ಆಗುತ್ತಾ?" ಅಂತಷ್ಟೇ ಕೇಳಿದರೆ "ಆಗುತ್ತೆ ಸಾರ್" ಅನ್ನುವ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಫೈಬರ್ ಲೈನ್‌ನಲ್ಲಿ ಪದೇಪದೇ ಕಡಿಯುತ್ತಿದ್ದರೆ ವೇಗವನ್ನು ಸೆಕೆಂಡಿಗೆ 14400 ಬಿಟ್‌ನಿಂದ 9600ಕ್ಕೆ ಇಳಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಸರಿಯಾಗುತ್ತದೆ.

ಇಸಿಎಂ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಅದು ತಪ್ಪು ತಿದ್ದುವ ವ್ಯವಸ್ಥೆ. ಹಾಳಾದ ತುಣುಕನ್ನು ಆ ಕಡೆಯ ಯಂತ್ರ ಮತ್ತೆ ಕೇಳಿ ಪಡೆಯುತ್ತದೆ. ಫೈಬರ್ ಲೈನ್‌ನಲ್ಲಿ ಇದನ್ನು ಆಫ್ ಮಾಡಿದರೆ ಫ್ಯಾಕ್ಸ್ "ಹೋಗುತ್ತದೆ" ಅಂತ ಬಹಳ ಜನ ಸಲಹೆ ಕೊಡುತ್ತಾರೆ. ಹೋಗುತ್ತದೆ ನಿಜ, ಆದರೆ ನಡುನಡುವೆ ಗೆರೆಗಳು ಕೆಟ್ಟು ಹೋಗುತ್ತವೆ. 3 ಅನ್ನುವುದು 8ರ ಹಾಗೆ ಕಾಣಬಹುದು. ಮದುವೆ ಕರೆಯೋಲೆಯಾದರೆ ಪರವಾಗಿಲ್ಲ, ಇದು ಇನ್‌ವಾಯ್ಸ್ ಮಾರಾಯ್ರೆ. ಬ್ಯಾಂಕ್ ಖಾತೆಯ ನಂಬರು, ತೂಕ, ಮೊತ್ತ ಎಲ್ಲ ಅದರಲ್ಲೇ ಇರುತ್ತದೆ. ಇಸಿಎಂ ಆನ್ ಇರಲಿ. ಲೈನ್ ಕೆಟ್ಟಿದ್ದರೆ ಫ್ಯಾಕ್ಸ್ ಹೋಗದೆ ನಿಲ್ಲಲಿ. ಹೋಗಿಲ್ಲ ಅಂತ ನಮಗೆ ಗೊತ್ತಾಗುತ್ತದೆ, ಮತ್ತೆ ಕಳಿಸಬಹುದು. ತಪ್ಪು ಅಂಕಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ.

ಈಗ ಮುಖ್ಯ ಭಾಗಕ್ಕೆ ಬರೋಣ, ಫಲಿತಾಂಶ ವಾಪಸ್ ತರುವುದು. ಸೆಂಡ್‌ಫ್ಯಾಕ್ಸ್ ಆದೇಶ ಯಶಸ್ವಿ ಅಂತ ಹೇಳಿದರೆ ಸಾಲಿಗೆ ಸೇರಿತು ಅಂತಷ್ಟೇ ಅರ್ಥ. ಅದನ್ನು ನೋಡಿ ಇಆರ್‌ಪಿಯಲ್ಲಿ (ಕಂಪನಿಯ ಲೆಕ್ಕಪತ್ರ, ಆರ್ಡರ್ ನೋಡಿಕೊಳ್ಳುವ ಸಾಫ್ಟ್‌ವೇರ್) "ಕಳಿಸಲಾಗಿದೆ" ಅಂತ ಬರೆದುಕೊಳ್ಳಬೇಡಿ. ಹೈಲಾಫ್ಯಾಕ್ಸ್‌ನಲ್ಲಿ ನೋಟಿಫೈ ಎಂಬ ಸ್ಕ್ರಿಪ್ಟ್ ಇದೆ. ಕೆಲಸ ಮುಗಿದಾಗ, ಸೋತಾಗ, ಸಮಯ ಮೀರಿದಾಗ, ಮತ್ತೆ ಸಾಲಿಗೆ ಬಿದ್ದಾಗ ಅದು ತಾನಾಗಿ ಓಡುತ್ತದೆ; ಮುಗಿದದ್ದು, ಮತ್ತೆ ಸಾಲಿಗೆ ಬಿದ್ದದ್ದು ತಿಳಿಯಬೇಕಾದರೆ ಕಳಿಸುವ ಆದೇಶದಲ್ಲೇ ಸೂಚನೆ ಕೇಳಿರಬೇಕು. ಯಾವ ಕೆಲಸ, ಯಾಕೆ ಅನ್ನುವುದೂ ಅದಕ್ಕೆ ಸಿಗುತ್ತದೆ. ನೀವು ಗುರುತಾಗಿ ಕೊಟ್ಟ ಇನ್‌ವಾಯ್ಸ್ ನಂಬರ್ ಅಲ್ಲಿ ಕೈಗೆ ಬರುತ್ತದೆ. ಅದನ್ನು ಹಿಡಿದು ಇಆರ್‌ಪಿಯ ಟೇಬಲ್‌ನಲ್ಲಿ ಮೂರು ಸ್ಥಿತಿ ಬರೆಸಿ: ಸಾಲಿನಲ್ಲಿದೆ, ತಲುಪಿದೆ, ಸೋತಿದೆ. ಜತೆಗೆ ಒಟ್ಟು ಪುಟ, ಹೋದ ಪುಟ, ಸಮಯ. ಕಳಿಸಿದ ಟಿಫ್ ಚಿತ್ರವನ್ನೂ ಎತ್ತಿಡಿ. ಹಳೆಯ ರಿಪೋರ್ಟ್ ಚೀಟಿಯ ಜಾಗಕ್ಕೆ ಇದು ಬರುತ್ತದೆ.

"ತಲುಪಿದೆ" ಅಂದರೆ ಏನು ಅನ್ನುವುದೂ ಆಫೀಸಿನವರಿಗೆ ತಿಳಿದಿರಲಿ. ಪ್ರತಿ ಪುಟ ಆದ ಮೇಲೆ ಆ ಕಡೆಯ ಯಂತ್ರ "ಬಂತು" ಅಂತ ಒಂದು ಸಂಕೇತ ಕಳಿಸುತ್ತದೆ. ಬಂದದ್ದು ಯಂತ್ರಕ್ಕೆ. ಅಲ್ಲಿ ಕಾಗದ ಮುಗಿದಿದ್ದರೆ ಪುಟ ಯಂತ್ರದ ಮೆಮೊರಿಯಲ್ಲೇ ಉಳಿದಿರಬಹುದು. ದೊಡ್ಡ ಮೊತ್ತದ ಕಾಗದಕ್ಕೆ ಫೋನ್ ಮಾಡಿ ಕೇಳುವುದನ್ನು ಬಿಡಬೇಡಿ. ಇನ್ನೊಂದು ವಿಷಯ, ಕೊನೆಯ ಪುಟದ "ಬಂತು" ಸಂಕೇತ ದಾರಿಯಲ್ಲೇ ಕಳೆದುಹೋಗುವುದೂ ಉಂಟು. ಆಗ ನಮ್ಮ ಸರ್ವರ್ ಸೋತಿತು ಅಂದುಕೊಂಡು ಮತ್ತೆ ಕಳಿಸುತ್ತದೆ, ಅಲ್ಲಿ ಒಂದೇ ಪುಟ ಎರಡು ಸಲ ಬೀಳುತ್ತದೆ. ಅದಕ್ಕೇ ಇನ್‌ವಾಯ್ಸ್ ನಂಬರ್ ಪ್ರತಿ ಪುಟದಲ್ಲಿ ಇರಬೇಕು ಅಂದದ್ದು. ತಿದ್ದಿದ ಇನ್‌ವಾಯ್ಸ್ ಆದರೆ ತಿದ್ದಿದ್ದು ಅಂತ ದೊಡ್ಡದಾಗಿ ಬರೆದಿರಬೇಕು. ಒಂದೇ ಇನ್‌ವಾಯ್ಸ್‌ನ ಒಂದೇ ಆವೃತ್ತಿ ಎರಡು ಸಲ ಸಾಲಿಗೆ ಸೇರದ ಹಾಗೆ ನಿಮ್ಮ ಪ್ರೋಗ್ರಾಮಿನಲ್ಲೂ ತಡೆ ಇಡಿ.

ಸೋತವುಗಳ ಪಟ್ಟಿಯನ್ನು ದಿನಾ ನೋಡುವವರು ಒಬ್ಬರು ಇರಬೇಕು. ಎಲ್ಲರಿಗೂ ಮೇಲ್ ಹೋದರೆ ಯಾರೂ ನೋಡುವುದಿಲ್ಲ. ನಿಮ್ಮಲ್ಲಿ ಈಗ ಫ್ಯಾಕ್ಸ್ ಕಳಿಸುತ್ತಿರುವವರೇ ಇದಕ್ಕೆ ಸರಿಯಾದ ಜನ. ಯಾವ ಗಿರಾಕಿಯ ಯಂತ್ರ ಹೇಗೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಮೊದಲ ದಿನದಿಂದಲೇ ಜತೆಗೆ ಕೂರಿಸಿಕೊಳ್ಳಿ.

ನಂಬರುಗಳನ್ನು ಇಆರ್‌ಪಿಯ ಗಿರಾಕಿ ಪಟ್ಟಿಯಲ್ಲಿ ಒಂದೇ ರೂಪದಲ್ಲಿ ಇಡಿ, ಪ್ಲಸ್ 81ರಿಂದ ಶುರುಮಾಡಿ. ಡಯಲ್ ಮಾಡುವಾಗ 00 ಸೇರಿಸುವ ಕೆಲಸ ಸರ್ವರ್ ಮಾಡಲಿ. ಒಬ್ಬರು ಟೈಪ್ ಮಾಡಿದ ನಂಬರನ್ನು ಇನ್ನೊಬ್ಬರು ಒಪ್ಪಿದ ಮೇಲೆಯೇ ಅದು ಬಳಕೆಗೆ ಬರಲಿ. ನಿಮ್ಮ ಬ್ಯಾಂಕ್ ವಿವರ ಇರುವ ಕಾಗದ ಯಾರದೋ ಆಫೀಸಿನಲ್ಲಿ ಬೀಳಬಾರದು. ಸಂಪರ್ಕ ಆದಾಗ ಆ ಕಡೆಯ ಯಂತ್ರ ತನ್ನ ನಂಬರ್ ಹೇಳುತ್ತದೆ, ಅದು ಲಾಗ್‌ನಲ್ಲಿ ದಾಖಲಾಗುತ್ತದೆ. ಕೆಲವರು ಅದನ್ನು ಖಾಲಿ ಬಿಟ್ಟಿರುತ್ತಾರೆ. ಇರುವ ಕಡೆ ಹೋಲಿಸಿ ನೋಡುವುದು ಒಳ್ಳೆಯದು.

ಸಮಯದ ಲೆಕ್ಕವೂ ಉಂಟು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ನಮ್ಮ ಸಂಜೆ 4 ಗಂಟೆಗೆ ಹೋದ ಫ್ಯಾಕ್ಸ್ ಅಲ್ಲಿ ರಾತ್ರಿ 7.30ಕ್ಕೆ ಬೀಳುತ್ತದೆ. ಕೆಲವು ಸಣ್ಣ ಆಫೀಸುಗಳು ಹೋಗುವಾಗ ಯಂತ್ರ ಆಫ್ ಮಾಡುತ್ತವೆ. ಅಂಥವರಿಗೆ ಬೆಳಿಗ್ಗೆ 6 ಗಂಟೆಗೆ ಹೋಗುವ ಹಾಗೆ ಸಮಯ ಕೊಟ್ಟು ಸಾಲಿಗೆ ಹಾಕಿ, ಅಲ್ಲಿ ಆಗ 9.30. ಎಷ್ಟು ಹೊತ್ತು ಪ್ರಯತ್ನಿಸಿ ಕೈಬಿಡಬೇಕು ಅನ್ನುವ ಮಿತಿಯನ್ನೂ ನೀವೇ ಕೊಡಿ.

ನಮ್ಮ ಊರಿನ ಸಿಡಿಲನ್ನು ಮರೆಯಬೇಡಿ. ಮಳೆಗಾಲದ ಮುಂಚಿನ ಏಪ್ರಿಲ್–ಮೇ ಗುಡುಗಿಗೆ ಫೋನ್ ಲೈನ್‌ನಿಂದಲೇ ಮೋಡೆಮ್ ಸುಟ್ಟುಹೋಗುತ್ತದೆ. ಲೈನಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ಥಿಂಗ್ ಸರಿಯಾಗಿರಲಿ, ಅದೇ ಮಾದರಿಯ ಇನ್ನೊಂದು ಮೋಡೆಮ್ ಕಪಾಟಿನಲ್ಲಿರಲಿ. ಫೈಬರ್ ಆದರೆ ಆ ಡಬ್ಬಿಗೂ ಯುಪಿಎಸ್ ಬೇಕು. ತಾಮ್ರದ ಲೈನ್ ಕರೆಂಟು ಹೋದರೂ ನಡೆಯುತ್ತಿತ್ತು, ಇದು ನಡೆಯುವುದಿಲ್ಲ.

ವಾರಕ್ಕೆ ನಾಲ್ಕೈದೇ ಫ್ಯಾಕ್ಸ್ ಇದ್ದರೆ ಇಷ್ಟೆಲ್ಲ ಬೇಡ. ದುಡ್ಡು ಕೊಟ್ಟು ಕ್ಲೌಡ್ ಫ್ಯಾಕ್ಸ್ ಸೇವೆ ತೆಗೆದುಕೊಳ್ಳಿ, ನಿಮ್ಮ ಸರ್ವರ್ ಅದರ ಎಪಿಐಗೆ (ಪ್ರೋಗ್ರಾಮುಗಳು ನೇರ ಮಾತಾಡುವ ಬಾಗಿಲು) ಪಿಡಿಎಫ್ ಕೊಟ್ಟರೆ ಆಯಿತು. ಕಾಗದಗಳು ಬೇರೆಯವರ ಸರ್ವರ್ ಮೂಲಕ ಹೋಗುತ್ತವೆ ಅನ್ನುವುದನ್ನು ಮಾತ್ರ ಯಜಮಾನರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಫಲಿತಾಂಶ ವಾಪಸ್ ತರುವ ಮಾತು ಅಲ್ಲಿಗೂ ಅನ್ವಯಿಸುತ್ತದೆ. ಹಾಗೆಯೇ ಒಮ್ಮೆ ಗಿರಾಕಿಗಳನ್ನೇ ಕೇಳಿ ನೋಡಿ, ಕೆಲವರು ಸಹಿ ಮಾಡಿದ ಪಿಡಿಎಫ್ ಸಾಕು ಅನ್ನಬಹುದು.

ಶುರುಮಾಡುವಾಗ ಸರ್ವರ್‌ನಿಂದ ನಿಮ್ಮ ಆಫೀಸಿನ ಹಳೆಯ ಫ್ಯಾಕ್ಸ್ ಯಂತ್ರಕ್ಕೇ ಕಳಿಸಿ, ಬಂದ ಪ್ರಿಂಟ್ ಹೇಗಿದೆ ನೋಡಿ. ಕಳಿಸುತ್ತಿರುವಾಗಲೇ ಫೋನ್ ತಂತಿ ಕಿತ್ತು, ಇಆರ್‌ಪಿಯಲ್ಲಿ ಏನು ಬರುತ್ತದೆ ಅಂತಲೂ ನೋಡಿ. ಅದು ಸರಿಯಾದ ಮೇಲೆ ಒಬ್ಬ ಗಿರಾಕಿಯಿಂದ ಆರಂಭಿಸಿ. ನಿಮ್ಮದು ತಾಮ್ರದ ಲೈನಾ ಫೈಬರ್ರಾ, ಮೋಡೆಮ್ ಯಾವುದು ಅಂತ ಕೆಳಗೆ ಬರೆದರೆ ಅದರ ಕಾನ್ಫಿಗ್ ಬಗ್ಗೆ ಬಿಡಿಸಿ ಹೇಳುತ್ತೇನೆ.